ಬ್ಯಾಕಪ್ ಎಂಎಕ್ಸ್ ಹಾಕಿ, ಕೊನೆಗೆ ತೆಗೆದದ್ದು: ನನ್ನ ಅನುಭವ

ಸರ್ವರ್ ಒಂದೆರಡು ಗಂಟೆ ನಿಂತರೆ ಬರಬೇಕಾದ ಮೇಲ್ ಕಳೆದುಹೋದೀತು ಎಂಬ ಭಯಕ್ಕೇ ಹೆಚ್ಚಿನವರು ಬ್ಯಾಕಪ್ ಎಂಎಕ್ಸ್ (ಮುಖ್ಯ ಮೇಲ್ ಸರ್ವರ್ ಸಿಗದಾಗ ಮೇಲ್ ಪಡೆದಿಟ್ಟು ಆಮೇಲೆ ದಾಟಿಸುವ ಎರಡನೇ ಸರ್ವರ್) ಹಾಕುವುದು. ನಾನೂ ಅದಕ್ಕೇ ಹಾಕಿದ್ದು. ಆದರೆ ನಮ್ಮ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಆ ಮೇಲನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೇಲ್ ಸಾಗಣೆಯ ನಿಯಮಗಳಿರುವ 2008ರ ಆರ್‌ಎಫ್‌ಸಿ 5321ರ ಪ್ರಕಾರ ಕೈಬಿಡುವ ಮುನ್ನ ಕನಿಷ್ಠ 4–5 ದಿನ ಕಾಯಬೇಕು. ನಾನು ಬಳಸುವ ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಡಿಫಾಲ್ಟ್ ಆಗಿ 5 ದಿನ ಕಾಯುತ್ತದೆ. ಪ್ರಯತ್ನಗಳ ಅಂತರ 300 ಸೆಕೆಂಡಿನಿಂದ 4000 ಸೆಕೆಂಡಿನವರೆಗೆ ಹಿಗ್ಗುತ್ತದೆ.

ಪೂರ್ತಿ ನಿಂತ ಸರ್ವರ್‌ಗಿಂತ ಅರೆಜೀವದ ಸರ್ವರ್ ಹೆಚ್ಚು ಅಪಾಯಕಾರಿ. ಮೇಲ್ ತಂದ ಸರ್ವರ್‌ಗೆ ನಮ್ಮ ಸರ್ವರ್ ಮೂರಂಕಿಯ ಕೋಡಿನಲ್ಲಿ ಉತ್ತರಿಸುತ್ತದೆ: 4ರಿಂದ ಶುರುವಾಗುವ ಉತ್ತರಕ್ಕೆ ‘ಆಮೇಲೆ ಬಾ’ ಎಂದರ್ಥ, 5ರಿಂದ ಶುರುವಾದರೆ ‘ಬರಲೇಬೇಡ’. ಡಿಸ್ಕ್ ತುಂಬಿದಾಗ ಪೋಸ್ಟ್‌ಫಿಕ್ಸ್ ತಾನೇ 452 ಕೊಡುತ್ತದೆ, ಅದು ಸರಿ. ಆದರೆ ಬಳಕೆದಾರರ ಟೇಬಲ್ ಬದಲಿಸುವಾಗ ಅದು ಅರ್ಧ ಖಾಲಿ ಇದ್ದರೆ ನಿಜವಾದ ವಿಳಾಸಕ್ಕೂ 550 5.1.1 (ಅಂಥ ವಿಳಾಸವಿಲ್ಲ) ಹೋಗುತ್ತದೆ, ಮೇಲ್ ಆ ಕ್ಷಣವೇ ಕಳಿಸಿದವರಿಗೆ ವಾಪಸ್. ಬ್ಯಾಕಪ್ಪನ್ನು ಯಾರೂ ಕೇಳುವುದೂ ಇಲ್ಲ. ಹಾಗಾಗಿ ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ‘ಸಾಫ್ಟ್_ಬೌನ್ಸ್ = ಯೆಸ್’ ಹಾಕಿ ರೀಲೋಡ್ ಮಾಡುತ್ತೇನೆ; 5ರ ಉತ್ತರಗಳೆಲ್ಲ 4 ಆಗುತ್ತವೆ. ಮುಗಿದ ಮೇಲೆ ಮರೆಯದೆ ತೆಗೆಯಬೇಕು. ಇಲ್ಲದಿದ್ದರೆ ವಿಳಾಸ ತಪ್ಪು ಬರೆದವರಿಗೆ ಅದು ದಿನಗಟ್ಟಲೆ ಗೊತ್ತೇ ಆಗುವುದಿಲ್ಲ.

ಇನ್ನು ಬ್ಯಾಕಪ್. ಡೊಮೇನಿನ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರುಗಳ ವಿಳಾಸಪಟ್ಟಿ) ಬರೆಯುವ ದಾಖಲೆಯೇ ಎಂಎಕ್ಸ್; ಅದರಲ್ಲಿ 10 ಮುಖ್ಯ, 20 ಬ್ಯಾಕಪ್. ಚಿಕ್ಕ ಸಂಖ್ಯೆಗೆ ಮೊದಲ ಸರದಿ. ಸ್ಪ್ಯಾಮ್ ಕಳಿಸುವವರು ಮಾತ್ರ ಬೇಕೆಂದೇ 20ಕ್ಕೆ ನುಗ್ಗುತ್ತಾರೆ, ಅಲ್ಲಿ ಕಾವಲು ಸಡಿಲವಿರುತ್ತದೆಂದು. ಯಾವ ವಿಳಾಸ ನಿಜ ಎಂದು ತಿಳಿಯದ ಬ್ಯಾಕಪ್ ಎಲ್ಲದಕ್ಕೂ 250 (ಸರಿ, ಒಪ್ಪಿದೆ) ಎನ್ನುತ್ತದೆ, ಆಮೇಲೆ ಮುಖ್ಯ ಸರ್ವರ್ 550 ಎನ್ನುತ್ತದೆ. ಒಪ್ಪಿಕೊಂಡ ತಪ್ಪಿಗೆ ಬ್ಯಾಕಪ್ಪೇ ಬೌನ್ಸ್ (ಮೇಲ್ ತಲುಪಲಿಲ್ಲ ಎಂಬ ವಾಪಸ್ ಸುದ್ದಿ) ಕಳಿಸಬೇಕು. ಅದು ಸೇರುವುದು ಸ್ಪ್ಯಾಮರ್ ಕದ್ದು ಬಳಸಿದ ಯಾರದೋ ವಿಳಾಸಕ್ಕೆ. ಹೀಗೆ ಸಂಬಂಧವಿಲ್ಲದವರಿಗೆ ಬೌನ್ಸ್ ಹೋಗುವುದೇ ಬ್ಯಾಕ್‌ಸ್ಕ್ಯಾಟರ್; ಇದರಿಂದಲೇ ನಮ್ಮ ಸರ್ವರ್‌ನ ಐಪಿ ಬ್ಲಾಕ್‌ಲಿಸ್ಟ್ (ತಡೆಪಟ್ಟಿ) ಸೇರುವುದು.

ಅದನ್ನು ತಪ್ಪಿಸಲು ಬ್ಯಾಕಪ್‌ನಲ್ಲಿ ‘ರಿಲೇ_ರೆಸಿಪಿಯೆಂಟ್_ಮ್ಯಾಪ್ಸ್’, ಅಂದರೆ ನಿಜವಾದ ವಿಳಾಸಗಳ ಪಟ್ಟಿ, ಬೇಕೇ ಬೇಕು. ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ನಿಂದ ಗಂಟೆಗೊಮ್ಮೆ ಪಟ್ಟಿಯನ್ನು ನಕಲಿಸಿ ತರಲು ಆರ್‌ಸಿಂಕ್, ನಂತರ ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರಲು ಪೋಸ್ಟ್‌ಮ್ಯಾಪ್. ಬಂದ ಫೈಲಿನ ಸಾಲುಗಳು ಹಿಂದಿನದಕ್ಕಿಂತ ಬಹಳ ಕಡಿಮೆಯಿದ್ದರೆ ಹಳೆಯದನ್ನೇ ಉಳಿಸುವಂತೆ ಸ್ಕ್ರಿಪ್ಟ್ ಬರೆದಿರಿ. ಪಟ್ಟಿ ಒಯ್ಯಲಾಗದಿದ್ದರೆ ‘ರಿಜೆಕ್ಟ್_ಅನ್‌ವೆರಿಫೈಡ್_ರೆಸಿಪಿಯೆಂಟ್’ ಇದೆ. ಅದು ಮುಖ್ಯ ಸರ್ವರನ್ನೇ ಕೇಳಿ, ಸರಿಯಾದ ವಿಳಾಸವನ್ನು 31 ದಿನ, ತಪ್ಪು ವಿಳಾಸವನ್ನು 3 ದಿನ ನೆನಪಿಡುತ್ತದೆ. ಆದರೆ ತಪ್ಪು ವಿಳಾಸಕ್ಕೂ ಅದರ ಡಿಫಾಲ್ಟ್ ಉತ್ತರ 450. ರಿಜೆಕ್ಟ್ ಕೋಡನ್ನು 550ಕ್ಕೆ ಬದಲಿಸದಿದ್ದರೆ ಅದೇ ಮೇಲ್ ಮತ್ತೆ ಮತ್ತೆ ಬಂದು ಬಾಗಿಲು ಬಡಿಯುತ್ತಿರುತ್ತದೆ.

ಮುಖ್ಯ ಸರ್ವರ್‌ನಲ್ಲಿ ಬ್ಯಾಕಪ್‌ನ ಐಪಿಗೆ ಎಸ್‌ಪಿಎಫ್ (ಕಳಿಸಿದ ಐಪಿಗೆ ಆ ಡೊಮೇನಿನ ಅನುಮತಿಯಿದೆಯೇ ಎಂಬ ಪರೀಕ್ಷೆ), ಗ್ರೇಲಿಸ್ಟಿಂಗ್ (ಹೊಸಬರಿಗೆ ಮೊದಲು ‘ಆಮೇಲೆ ಬಾ’ ಎನ್ನುವುದು), ಫೇಲ್‌ಟುಬ್ಯಾನ್ (ಪದೇ ಪದೇ ತಪ್ಪುವ ಐಪಿಯನ್ನು ತಡೆಯುವ ಸಾಧನ) ಮೂರರಿಂದಲೂ ವಿನಾಯಿತಿ ಕೊಡಬೇಕು. ಬ್ಯಾಕಪ್ ಮೂಲಕ ಬಂದ ಮೇಲ್‌ಗಳೆಲ್ಲ ಅದರದೇ ಐಪಿಯಿಂದ ಬಂದಂತೆ ಕಾಣುವುದರಿಂದ, ಎಸ್‌ಪಿಎಫ್ ಅನ್ನು ಕಟ್ಟುನಿಟ್ಟಾಗಿ ನೋಡಿದರೆ ಪ್ರಾಮಾಣಿಕರ ಮೇಲ್ ಕೂಡ ತಿರಸ್ಕೃತ. ಆ ಪರೀಕ್ಷೆಗಳನ್ನೆಲ್ಲ ಬ್ಯಾಕಪ್‌ನಲ್ಲೇ ಮಾಡಿರಬೇಕು. ತಡದ ಎಚ್ಚರಿಕೆ ಕಳಿಸುವ ‘ಡಿಲೇ_ವಾರ್ನಿಂಗ್_ಟೈಮ್’ ಅಲ್ಲಿ 0 ಇರಲಿ, ಅದೂ ಬ್ಯಾಕ್‌ಸ್ಕ್ಯಾಟರೇ. ಕಳುಹಿಸುವವರ ವಿಳಾಸ ಖಾಲಿಯಿರುವ ಮೇಲ್ ಅನ್ನು ತಡೆಯುವ ಚಾಳಿ ಕೆಲವರಿಗಿದೆ. ಬೌನ್ಸ್‌ಗಳು ಬರುವುದೇ ಆ ರೂಪದಲ್ಲಿ, ಬೌನ್ಸ್‌ಗೆ ಬೌನ್ಸ್ ಹುಟ್ಟಬಾರದೆಂದು; ತಡೆದರೆ ನಮ್ಮವರಿಗೇ ಸುದ್ದಿ ಮುಟ್ಟುವುದಿಲ್ಲ.

ಮುಖ್ಯ ಸರ್ವರ್ ಮರಳಿದ ಮೇಲೆ ‘ಪೋಸ್ಟ್‌ಕ್ಯೂ -ಪಿ’ಯಿಂದ ಕ್ಯೂ ನೋಡಿ, ಕಾದಿರುವುದನ್ನು ಕಳಿಸಲು ‘ಪೋಸ್ಟ್‌ಕ್ಯೂ -ಎಫ್’ ಒಮ್ಮೆ ಸಾಕು. ಪದೇ ಪದೇ ಒತ್ತಿದರೆ ಉಳಿದ ಮೇಲ್ ಕೂಡ ನಿಧಾನವಾಗುತ್ತದೆ.

ಇಷ್ಟೆಲ್ಲ ಮಾಡಿ ಉಳಿದದ್ದು ಎರಡು ಕಡೆ ಒಂದೇ ಕಾವಲು ಕಾಯುವ ಕೆಲಸ. ಮೇಲ್ ಕಾದಿಡುವುದನ್ನು ಕಳಿಸುವವರ ಕ್ಯೂಗೇ ಬಿಟ್ಟು ಬ್ಯಾಕಪ್ಪನ್ನು ತೆಗೆದೆ. ಆ ಶ್ರಮವನ್ನು ಡಿಎನ್‌ಎಸ್‌ಗೆ ಹಾಕಿದೆ: ಎರಡು ಬೇರೆ ನೆಟ್‌ವರ್ಕ್‌ಗಳಲ್ಲಿ ಎರಡು ನೇಮ್‌ಸರ್ವರ್, ಡೊಮೇನ್ ನವೀಕರಣಕ್ಕೆ ಮುಂಗಡ ನೆನಪೋಲೆ. ನೇಮ್‌ಸರ್ವರ್ ಉತ್ತರಿಸದಿದ್ದರೆ ಮೇಲ್ ಕ್ಯೂನಲ್ಲಿ ಕಾಯುತ್ತದೆ. ‘ಅಂಥ ಡೊಮೇನೇ ಇಲ್ಲ’ ಎಂಬ ಉತ್ತರ ಹೋದರೆ ಒಂದು ನಿಮಿಷವೂ ಕಾಯುವುದಿಲ್ಲ.