ಮರಳು ನೆಲದಲ್ಲಿ ಚೂಫಾ: ಕಾಡು ಟರ್ಕಿಗಳಿಗಾಗಿ ಬೆಳೆ ಬೆಳೆದ ನನ್ನ ಅನುಭವ

ನೆಲದೊಳಗೆ ಸಣ್ಣ ಗೆಡ್ಡೆ ಕಟ್ಟುವ ಚೂಫಾ ಹಾಕಿದರೆ ಅದು ಬೇಟೆಯ ಹಕ್ಕಿಗಳಾದ ಕಾಡು ಟರ್ಕಿ ಕೋಳಿಗಳ ಪಾಲಾಗುವುದಿಲ್ಲ, ಕಾಡುಹಂದಿಗಳ ಪಾಲಾಗುತ್ತದೆ ಎಂದು ನಮ್ಮ ಅಕ್ಕಪಕ್ಕದ ಪೈನ್ ಕಾಡಿನ ಮಾಲೀಕರು ಒಬ್ಬರಾದ ಮೇಲೆ ಒಬ್ಬರು ಹೇಳಿದ್ದರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಅಪ್ಪಯ್ಯ ಫೋನಿನಲ್ಲಿ, "ಇಲ್ಲಿ ಗದ್ದೆಯ ಜೇಕು ಕೀಳಲಿಕ್ಕೆ ಆಳು ಸಿಗುವುದಿಲ್ಲ, ನೀನು ದುಡ್ಡು ಕೊಟ್ಟು ಅದನ್ನೇ ಬಿತ್ತುತ್ತೀಯಲ್ಲ ಮಾರಾಯ" ಎಂದು ಬೇಸರಪಟ್ಟುಕೊಂಡಿದ್ದರು. ಚೂಫಾ ಜೇಕಿನ ಜಾತಿಗೇ ಸೇರಿದ್ದಾದ್ದರಿಂದ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಈಗ ಕೆಲವು ವರ್ಷಗಳಿಂದ ಅರ್ಧ ಎಕರೆಯ ತಾಕು ಸತತವಾಗಿ ಕೈಹಿಡಿದಿದೆ. ಅಕ್ಟೋಬರ್‌ನಿಂದ ಮಾರ್ಚ್ ಕೊನೆಯವರೆಗೆ ಟರ್ಕಿಗಳು ಅದನ್ನು ಬಿಟ್ಟು ಕದಲುವುದಿಲ್ಲ. ಬೇಡವೆಂದವರಲ್ಲೇ ಇಬ್ಬರು ಬಂದು ನೋಡಿಕೊಂಡು ಹೋಗಿ ತಮ್ಮ ಜಮೀನಿನಲ್ಲೂ ಸಾಲು ಹೊಡೆದಿದ್ದಾರೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಜಮೀನು ಮಾಡಿಕೊಂಡಿರುವ ಕನ್ನಡಿಗರು ಈಚೆಗೆ ಇದರ ವಿಷಯ ಕೇಳುತ್ತಿರುವುದರಿಂದ, ಟ್ರ್ಯಾಕ್ಟರ್, ಡಿಸ್ಕ್ (ಮಣ್ಣು ಸಡಿಲಿಸುವ ತಟ್ಟೆಗಳ ಉಪಕರಣ), ಸ್ಪ್ರೇಯರ್‌ಗಳ ಬಳಕೆ ಗೊತ್ತಿರುವವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಜಮೀನು ಜಾರ್ಜಿಯಾದ ಟೇಲರ್ ಕೌಂಟಿಯಲ್ಲಿದೆ. ಉತ್ತರದ ಕೆಂಪು ಜೇಡಿಮಣ್ಣು ಮುಗಿದು ದಕ್ಷಿಣದ ಮರಳು ನೆಲ ಶುರುವಾಗುವ ಗಡಿಪಟ್ಟಿ ಅದು. ಹಾಗಾಗಿ ಒಂದೇ ಜಮೀನಿನಲ್ಲಿ ಎರಡೂ ಬಗೆಯ ಮಣ್ಣು ನನಗೆ ಸಿಕ್ಕಿತು, ಎರಡರಲ್ಲೂ ಬೆಳೆದು ನೋಡಿದೆ. ಜೇಡಿಯಲ್ಲಿ ಗಿಡ ಹಸಿರಾಗಿ ಸೊಕ್ಕಿ ಬರುತ್ತದೆ, ಗೆಡ್ಡೆಯೂ ಕಟ್ಟುತ್ತದೆ. ಆದರೆ ಮಳೆ ನಿಂತು ಮಣ್ಣು ಬಿಗಿದ ಮೇಲೆ ಟರ್ಕಿಯ ಕಾಲಿಗೆ ಅದು ಜಗ್ಗುವುದಿಲ್ಲ. ಮರಳುಮಿಶ್ರಿತ ನೆಲದಲ್ಲಿ ಇಳುವರಿ ಸ್ವಲ್ಪ ಕಡಿಮೆಯಾದರೂ, ಬೆಳೆದದ್ದೆಲ್ಲ ಹಕ್ಕಿಯ ಹೊಟ್ಟೆಗೆ ಸೇರುತ್ತದೆ. ಕೌಂಟಿಯ ಕೃಷಿ ವಿಸ್ತರಣಾ ಕಚೇರಿಯ ಮೂಲಕ ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ ಐದರ ಆಸುಪಾಸಿನಲ್ಲಿತ್ತು. ಎಕರೆಗೆ ಒಂದು ಟನ್ನಿನ ಲೆಕ್ಕದಲ್ಲಿ ಸುಣ್ಣ ಹಾಕಿ ಆರರ ಹತ್ತಿರಕ್ಕೆ ತಂದುಕೊಂಡೆ.

ಮೊದಲ ಬೆಳೆ ಹೋದದ್ದು ಹುಲ್ಲಿನಿಂದ. ಎಲ್ಲರೂ ಹೇಳುವಂತೆ ಏಪ್ರಿಲ್ ಕೊನೆಯಲ್ಲಿ ಎಕರೆಗೆ ಐವತ್ತು ಪೌಂಡಿನ ಲೆಕ್ಕದಲ್ಲಿ ಚೆಲ್ಲಿ ಬಿತ್ತಿದ್ದಾಯಿತು. ಜೂನ್ ಹೊತ್ತಿಗೆ ಕ್ರ್ಯಾಬ್‌ಗ್ರಾಸ್ ಮೊಣಕಾಲೆತ್ತರಕ್ಕೆ ಬಂದು ಚೂಫಾ ಎಲ್ಲಿದೆ ಎಂದು ಹುಡುಕಬೇಕಾಯಿತು. ಇನ್ನೊಂದು ವರ್ಷ ಬೀಜವಾಗಿ ಬಿತ್ತುವ ಗೆಡ್ಡೆಯೇ ಕೈಕೊಟ್ಟಿತು. ತರಿಸಿದ ಚೀಲದಲ್ಲಿ ಹಳೆಯ ಗೆಡ್ಡೆಯಿತ್ತು, ಕಾಲು ಭಾಗವೂ ಮೊಳೆಯಲಿಲ್ಲ, ಮಾರಿದವರು ಹಣ ಹಿಂದಿರುಗಿಸಲಿಲ್ಲ. ಅಲ್ಲಿಂದೀಚೆಗೆ ಯಾರಿಂದ ತರಿಸಿದರೂ ಚೀಲದಿಂದ ಒಂದು ಹಿಡಿ ತೆಗೆದು, ಒಂದು ದಿನ ನೀರಿನಲ್ಲಿ ನೆನೆಹಾಕಿ, ಒದ್ದೆ ಗೋಣಿಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಟ್ಟು ಮೊಳಕೆ ನೋಡದೆ ನಾನು ಬಿತ್ತುವುದಿಲ್ಲ.

ಈಗ ನಾನು ಬಿತ್ತುವುದು ಜೂನ್ ಎರಡನೆಯ ಅರ್ಧದಲ್ಲಿ. ಇದನ್ನು ಕೇಳಿ ತಲೆಯಾಡಿಸಿದವರೇ ಹೆಚ್ಚು. ಚೂಫಾ ನೂರರಿಂದ ನೂರಿಪ್ಪತ್ತು ದಿನಗಳ ಬೆಳೆ, ನಮ್ಮಲ್ಲಿ ಮೊದಲ ಇಬ್ಬನಿ ಹೆಪ್ಪುಗಟ್ಟುವುದು ನವೆಂಬರ್‌ನಲ್ಲಿ. ಆದ್ದರಿಂದ ಕಾಲಾವಕಾಶ ಧಾರಾಳವಾಗಿದೆ. ತಡಮಾಡುವುದರಿಂದ ಸಿಗುವ ಲಾಭವೆಂದರೆ ಕಳೆಯ ಮೇಲೆ ಎರಡು ಸಲ ಕೈಮಾಡಬಹುದು. ಮೇ ಮೊದಲ ವಾರದಲ್ಲಿ ಡಿಸ್ಕ್ ಹೊಡೆದು ಸಮಮಾಡಿ ಬಿಟ್ಟರೆ ಮೇಲ್ಮಣ್ಣಿನ ಕಳೆಬೀಜವೆಲ್ಲ ಹುಟ್ಟುತ್ತದೆ. ಅದಕ್ಕೆ ಎಲ್ಲ ಬಗೆಯ ಗಿಡವನ್ನೂ ಕೊಲ್ಲುವ ಗ್ಲೈಫೋಸೇಟ್ ಕಳೆನಾಶಕ ಹೊಡೆದು ಮೂರು ವಾರ ಕಾದರೆ ಇನ್ನೊಂದು ಸುತ್ತು ಹುಟ್ಟುತ್ತದೆ. ಅದನ್ನೂ ಮುಗಿಸಿ, ಮತ್ತೆ ಆಳವಾಗಿ ಉಳದೆ ಬಿತ್ತಬೇಕು. ಆಳಕ್ಕೆ ಉತ್ತರೆ ಕೆಳಗಿನ ಬೀಜ ಮೇಲೆ ಬಂದು ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಚೆಲ್ಲುವುದನ್ನು ಬಿಟ್ಟು ಮೂರಡಿ ಅಂತರದ ಸಾಲಿಗೆ ಬಂದೆ, ಒಂದೂವರೆ ಇಂಚು ಆಳ. ಇದರಿಂದ ಎಕರೆಗೆ ಮೂವತ್ತು ಪೌಂಡ್ ಬೀಜ ಸಾಕಾಗುತ್ತದೆ, ಸಾಲಿನ ನಡುವೆ ಕುಂಟೆ ಹೊಡೆಯಲೂ ಆಗುತ್ತದೆ. ಸಾಲಿನೊಳಗೆ ಬೀಜವನ್ನು ಹೇಗೆ ಬಿಡುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದೆರಡು ವರ್ಷ ಅದರ ಫಲ ನೋಡಬೇಕಾಗಿದೆ.

ಚೂಫಾ ಹುಲ್ಲೂ ಅಲ್ಲ, ಅಗಲ ಎಲೆಯ ಗಿಡವೂ ಅಲ್ಲ. ಆದ್ದರಿಂದ ಹುಲ್ಲನ್ನಷ್ಟೇ ಕೊಲ್ಲುವ ಕ್ಲೆಥೋಡಿಮ್ ಹೊಡೆದರೂ ಉಳಿಯುತ್ತದೆ, ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿಯನ್ನೂ ತಡೆದುಕೊಳ್ಳುತ್ತದೆ. ಆದರೆ ನಮ್ಮ ಭಾಗದಲ್ಲಿ ಪಕ್ಕದಲ್ಲೇ ಹತ್ತಿಯ ಹೊಲಗಳಿರುತ್ತವೆ. 2,4-ಡಿಯ ಆವಿ ಸ್ವಲ್ಪ ತಾಗಿದರೂ ಹತ್ತಿಯ ಎಲೆ ಮುರುಟುತ್ತದೆ. ಆ ಕಾರಣಕ್ಕೆ ನಾನು ಅದನ್ನು ಬಳಸುವುದನ್ನೇ ಬಿಟ್ಟು ಕುಂಟೆಯಲ್ಲೇ ಕೆಲಸ ತೀರಿಸುತ್ತೇನೆ. ಜೇಕನ್ನು ಕೊಲ್ಲಲೆಂದೇ ತಯಾರಾದ ಹ್ಯಾಲೋಸಲ್ಫ್ಯೂರಾನ್‌ನಂಥ ಔಷಧ ಹೊಡೆದ ನೆಲದಲ್ಲಿ ಚೂಫಾ ಹಾಕಲೇಬಾರದು. ತಳಗೊಬ್ಬರವಾಗಿ 13-13-13 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಅನ್ನು ಎಕರೆಗೆ ಮುನ್ನೂರು ಪೌಂಡಿನಷ್ಟು ಹಾಕುತ್ತೇನೆ. ಗಿಡ ಒಂದು ಗೇಣು ಎತ್ತರವಾದಾಗ, ಮಳೆಯ ಮುನ್ಸೂಚನೆ ನೋಡಿಕೊಂಡು, ಎಕರೆಗೆ ನೂರು ಪೌಂಡಿನ ಸುಮಾರಿಗೆ ಯೂರಿಯಾವನ್ನು ಮೇಲುಗೊಬ್ಬರವಾಗಿ ಕೊಡುತ್ತೇನೆ. ಈ ಮೇಲುಗೊಬ್ಬರ ತಪ್ಪಿದ ವರ್ಷ ಗೆಡ್ಡೆ ಅರ್ಧಕ್ಕೆ ಇಳಿದಿತ್ತು.

ಇನ್ನು ಹಂದಿಯ ವಿಷಯ. ಒಂದು ಸೆಪ್ಟೆಂಬರ್‌ನಲ್ಲಿ ಗೆಡ್ಡೆ ಇನ್ನೂ ಹಾಲುಗಟ್ಟುತ್ತಿರುವಾಗಲೇ ಹಂದಿಯ ಹಿಂಡು ಒಂದು ರಾತ್ರಿಯಲ್ಲಿ ತಾಕಿನ ಮುಕ್ಕಾಲು ಭಾಗವನ್ನು ಉತ್ತುಹಾಕಿತು. ಸಾಲಿನ ಒಂದು ತುದಿಯಿಂದ ಮೂತಿಯಿಟ್ಟು ಇನ್ನೊಂದು ತುದಿಯವರೆಗೆ ಎಲ್ಲೂ ನಿಲ್ಲದೆ ಎಬ್ಬಿದ್ದವು. ಜಾರ್ಜಿಯಾದಲ್ಲಿ ಖಾಸಗಿ ಜಮೀನಿನಲ್ಲಿ ಕಾಡುಹಂದಿಯ ಬೇಟೆಗೆ ಋತುವಿನ ಕಟ್ಟುಪಾಡಿಲ್ಲ; ಬೋನು ಇಟ್ಟೆವು, ಹಿಡಿದೆವು, ಆದರೂ ಮತ್ತೆ ಬಂದವು. ಕೊನೆಗೆ ಕೆಲಸಕ್ಕೆ ಬಂದದ್ದು ಮಲೆನಾಡಿನಲ್ಲಿ ನಾವೆಲ್ಲ ಐಬೆಕ್ಸ್ ಬೇಲಿ ಎಂದು ಕರೆಯುವ ಸೋಲಾರ್ ವಿದ್ಯುತ್ ಬೇಲಿಯೇ. ಹಂದಿಗೆ ಎತ್ತರದ ಬೇಲಿ ಬೇಕಾಗಿಲ್ಲ. ನೆಲದಿಂದ ಎಂಟು ಇಂಚಿಗೆ ಒಂದು ತಂತಿ, ಹದಿನೆಂಟು ಇಂಚಿಗೆ ಇನ್ನೊಂದು, ಇಷ್ಟೇ ಸಾಕು. ಅದು ಮೂತಿಯನ್ನು ಮುಂದಿಟ್ಟು ಬರುವ ಪ್ರಾಣಿಯಾದ್ದರಿಂದ ಶಾಕ್ ಮೂತಿಗೇ ತಾಗುತ್ತದೆ. ಟರ್ಕಿಗಳು ತಂತಿಯ ಕೆಳಗೆ ನುಸುಳಿಯೋ ಮೇಲಿಂದ ಹಾರಿಯೋ ಒಳಗೆ ಬರುತ್ತವೆ, ಅವಕ್ಕೆ ತೊಂದರೆಯಾದದ್ದನ್ನು ಕಾಣಲಿಲ್ಲ. ಬೇಲಿಯನ್ನು ಹಾಕಬೇಕಾದದ್ದು ಆಗಸ್ಟ್ ಮೊದಲಲ್ಲಿ, ಹಂದಿ ಒಮ್ಮೆಯೂ ರುಚಿ ನೋಡುವ ಮುಂಚೆ. ತಂತಿಗೆ ಹುಲ್ಲು ತಾಗಿದರೆ ಕರೆಂಟ್ ಇಳಿದುಹೋಗುವುದರಿಂದ ಬೇಲಿಯ ಬುಡವನ್ನು ತಿಂಗಳಿಗೊಮ್ಮೆ ಸವರಲೇಬೇಕು. ರಕೂನ್ ಎಂಬ ಚಿಕ್ಕ ಕಾಡುಪ್ರಾಣಿ ಬರುವುದನ್ನು ಯಾವ ಬೇಲಿಯೂ ಪೂರ್ತಿ ತಡೆಯುವುದಿಲ್ಲ, ಅದರ ಪಾಲನ್ನು ಲೆಕ್ಕದಲ್ಲಿ ಬಿಟ್ಟುಬಿಡಬೇಕು; ತಾಕು ಅರ್ಧ ಎಕರೆಗಿಂತ ಚಿಕ್ಕದಾಗಿರಬಾರದು ಎನ್ನುವುದು ಇದೇ ಕಾರಣಕ್ಕೆ.

ಅಕ್ಟೋಬರ್‌ನಲ್ಲಿ ಗಿಡದ ಮೇಲ್ಭಾಗ ಹಳದಿಗೆ ತಿರುಗುತ್ತದೆ. ಬುಡವನ್ನು ಎರಡೂ ಕೈಯಿಂದ ಹಿಡಿದು ಎಳೆದರೆ ಮರಳು ನೆಲದಲ್ಲಿ ಗಿಡ ಇಡಿಯಾಗಿ ಬರುತ್ತದೆ. ಕೊಡವಿದಾಗ ಕೂದಲಿನಷ್ಟು ತೆಳ್ಳಗಿನ ಬೇರುಗಳ ತುದಿಯಲ್ಲಿ ಕಂದು ಸಿಪ್ಪೆಯ ಗೆಡ್ಡೆಗಳು ಜೋಲಾಡುತ್ತವೆ, ಕೆಲವು ಅಲ್ಲೇ ಉದುರುತ್ತವೆ. ಒಳ್ಳೆಯ ಗಿಡದಲ್ಲಿ ಐವತ್ತಕ್ಕೂ ಹೆಚ್ಚು ಎಣಿಸಿದ್ದೇನೆ. ಚೂಫಾ ಕಂಡರಿಯದ ಟರ್ಕಿಗಳಿಗೆ ನೆಲದೊಳಗೆ ಆಹಾರವಿದೆ ಎಂಬುದೇ ತಿಳಿಯುವುದಿಲ್ಲ. ಅದಕ್ಕಾಗಿ ಮೊದಲ ವರ್ಷ ಅಲ್ಲಲ್ಲಿ ಗಿಡ ಕಿತ್ತು ಬೇರು ಮೇಲಾಗಿ ಹಾಕಿದೆ. ಒಂದು ಹೇಂಟೆ ಕಲಿತರೆ ಸಾಕು, ಹಿಂಡೇ ಕಲಿಯುತ್ತದೆ.

ನನ್ನ ಪದ್ಧತಿಯ ಜೀವಾಳವಿರುವುದು ಇದರ ಮುಂದಿನ ಹಂತದಲ್ಲಿ. ಹೆಚ್ಚಿನವರು ತಾಕನ್ನೆಲ್ಲ ಒಂದೇ ಸಲ ಡಿಸ್ಕ್ ಹೊಡೆದು ತೆರೆದುಬಿಡುತ್ತಾರೆ. ಕಾಗೆ, ರಕೂನ್, ಟರ್ಕಿ ಎಲ್ಲ ಸೇರಿ ತಿಂಗಳೊಳಗೆ ಮುಗಿಸುತ್ತವೆ, ಜನವರಿಯ ಚಳಿಯಲ್ಲಿ ಏನೂ ಉಳಿದಿರುವುದಿಲ್ಲ. ನಾನು ಒಂದು ಸಲಕ್ಕೆ ಡಿಸ್ಕಿನ ಅಗಲದ ಒಂದೇ ಪಟ್ಟಿಯನ್ನು, ಎರಡು ಮೂರು ವಾರಕ್ಕೊಮ್ಮೆ, ಬಹಳ ಹಗುರವಾಗಿ ತೆರೆಯುತ್ತೇನೆ. ಯಾವ ಪಟ್ಟಿಯನ್ನು ಮೊದಲು ತೆರೆಯಬೇಕು ಎನ್ನುವುದು ಹಕ್ಕಿಗಳು ರಾತ್ರಿ ಕೂರುವ ಮರಗಳು ಎಲ್ಲಿವೆ ಎನ್ನುವುದನ್ನು ಅವಲಂಬಿಸಿದೆ. ಅದನ್ನು ಅವರವರ ಜಮೀನಿನಲ್ಲಿ ನೋಡಿಯೇ ತಿಳಿಯಬೇಕು. ತೆರೆದ ಮರುದಿನದಿಂದಲೇ ಅಂಗೈ ಅಗಲದ, ಬಟ್ಟಲಾಕಾರದ ಕುಳಿಗಳು ಕಾಣತೊಡಗುತ್ತವೆ. ಬೆಳೆದ ಜಾಗದಲ್ಲೇ ಇರುವ ಗೆಡ್ಡೆಯನ್ನು ತೆರೆಯುವುದಕ್ಕೂ, ಚೀಲದಿಂದ ತಂದು ಸುರಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದು ಮೇವು ಚೆಲ್ಲಿ ಬೇಟೆಯಾಡಿದಂತಾಗುತ್ತದೆ, ಟರ್ಕಿಯ ವಿಷಯದಲ್ಲಿ ಅದು ಕಾನೂನುಬಾಹಿರ. ಅದಕ್ಕೇ ಹೊಸ ವರ್ಷದ ಮೇಲೆ ಬೀಜದ ಚೀಲವನ್ನು ತಾಕಿನ ಹತ್ತಿರ ಇಡುವುದೂ ಇಲ್ಲ.

ಎರಡನೆಯ ವರ್ಷಕ್ಕೆ ಬೀಜ ಕೊಳ್ಳುವುದಿಲ್ಲ. ತಿಂದು ಉಳಿದ ಗೆಡ್ಡೆಯೇ ನೆಲದಲ್ಲಿ ಸಾಕಷ್ಟಿರುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ ಡಿಸ್ಕ್ ಹೊಡೆದು ಗೊಬ್ಬರ ಕೊಟ್ಟರೆ ತಾನಾಗಿಯೇ ಹುಟ್ಟುತ್ತದೆ. ಈ ಬೆಳೆಗೆ ಗ್ಲೈಫೋಸೇಟ್ ಹೊಡೆಯುವಂತಿಲ್ಲವಾದ್ದರಿಂದ ಕ್ಲೆಥೋಡಿಮ್ ಮೇಲೆಯೇ ನಿಲ್ಲಬೇಕು. ಮೂರನೆಯ ವರ್ಷಕ್ಕೆ ಅದೇ ಜಾಗದಲ್ಲಿ ಮುಂದುವರಿಸಿದಾಗ ಕಳೆ ಮಿತಿಮೀರಿತು, ಗೆಡ್ಡೆ ಸಣ್ಣದಾಯಿತು. ಎರಡು ವರ್ಷವಾದ ತಾಕಿಗೆ ಈಗ ಕ್ರಿಮ್ಸನ್ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡ ಮತ್ತು ಗೋಧಿ ಬಿತ್ತಿ ವಿಶ್ರಾಂತಿ ಕೊಡುತ್ತೇನೆ. ಈ ಕ್ಲೋವರ್ ಆಕಸ್ಮಿಕವಾಗಿ ಇನ್ನೊಂದು ಉಪಕಾರ ಮಾಡಿತು. ಟರ್ಕಿಮರಿಗಳಿಗೆ ಮೊದಲ ವಾರಗಳಲ್ಲಿ ಬೇಕಾದದ್ದು ಕಾಳಲ್ಲ, ಕೀಟ. ಮೇ, ಜೂನ್‌ನಲ್ಲಿ ಹೇಂಟೆಗಳು ಮರಿಗಳನ್ನು ಕರೆದುಕೊಂಡು ಬಂದದ್ದು ಕ್ಲೋವರ್ ಇದ್ದ ಕಡೆಗೆ.

ಪಕ್ಕದಲ್ಲಿ ಇನ್ನಷ್ಟು ಪ್ರಯೋಗ ಮಾಡಿದ್ದುಂಟು. ಚೂಫಾ ಸಾಲಿನ ನಡುವೆ ನೆಲಗಡಲೆ ಹಾಕಿದೆ. ಜಿಂಕೆಗಳು ಎಲೆಯನ್ನು ಬೋಳಿಸಿ ಕಾಯಿ ಕಟ್ಟಲು ಬಿಡಲಿಲ್ಲ, ಆದರೆ ಚೂಫಾವನ್ನು ಹೆಚ್ಚು ಮುಟ್ಟಲಿಲ್ಲ. ಸ್ಪೇನಿನ ವೇಲೆನ್ಸಿಯಾದಲ್ಲಿ ಇದೇ ಗೆಡ್ಡೆಯಿಂದ ಓರ್ಚಾತಾ ಎಂಬ ತಂಪು ಪಾನೀಯ ಮಾಡುತ್ತಾರೆ. ಒಂದು ಬುಟ್ಟಿಯಷ್ಟು ಗೆಡ್ಡೆಯನ್ನು ಮನೆಗೆ ತಂದು ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಸೋಸಿ, ಏಲಕ್ಕಿ ಹಾಕಿ ಕುಡಿದೆವು. ಬಹಳ ಚೆನ್ನಾಗಿತ್ತು, ಗೆಡ್ಡೆಯಿಂದ ಮರಳನ್ನು ಪೂರ್ತಿ ತೊಳೆಯುವುದೇ ದೊಡ್ಡ ಕೆಲಸ.

ಖರ್ಚನ್ನು ನೆನಪಿನಿಂದ ಹೇಳುತ್ತೇನೆ. ಮೊದಲ ವರ್ಷದ ಅರ್ಧ ಎಕರೆಗೆ ಬೀಜ, ಸುಣ್ಣ, ಗೊಬ್ಬರ, ಔಷಧ ಸೇರಿ ಮುನ್ನೂರು ಡಾಲರ್ ಹತ್ತಿರ ಆಗುತ್ತದೆ. ಬೇಲಿಯ ಯಂತ್ರ, ತಂತಿ, ಕಂಬಕ್ಕೆ ಇನ್ನೊಂದು ನಾನೂರು. 2022ರಲ್ಲಿ ಗೊಬ್ಬರದ ಬೆಲೆ ಏರಿದಾಗ ಇದಕ್ಕಿಂತ ಬಹಳ ಹೆಚ್ಚಾಯಿತು. ಎರಡನೆಯ ವರ್ಷ ನೂರರಿಂದ ನೂರೈವತ್ತರಲ್ಲಿ ಮುಗಿಯುತ್ತದೆ, ಬೇಲಿ ಹಾಗೆಯೇ ಉಳಿದಿರುತ್ತದೆ. ಹುಲ್ಲಿಗೆ, ಸತ್ತ ಬೀಜಕ್ಕೆ, ಹಂದಿಗೆ ಕಳೆದುಕೊಂಡದ್ದನ್ನೆಲ್ಲ ಕೂಡಿದರೆ ಸಾವಿರದೈನೂರು ದಾಟುತ್ತದೆ.

ಚೂಫಾದಿಂದ ಟರ್ಕಿಗಳ ಸಂಖ್ಯೆ ಹೆಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಸಂಖ್ಯೆ ನಿಂತಿರುವುದು ಗೂಡು ಕಟ್ಟುವ ಪೊದೆ ಮತ್ತು ಮರಿ ಮೇಯುವ ಜಾಗದ ಮೇಲೆ. ಅದಕ್ಕೆ ಪೈನ್ ಕಾಡಿನಲ್ಲಿ ಸರದಿಯ ಮೇಲೆ ಹತೋಟಿಯ ಬೆಂಕಿ ಕೊಡುವುದೇ ದಾರಿ. 1973ರ ಸುಮಾರಿಗೆ ಜಾರ್ಜಿಯಾದಲ್ಲಿ 17,000ದಷ್ಟಿದ್ದ ಹಕ್ಕಿಗಳು ಮುಂದೆ ಬಹಳ ಹೆಚ್ಚಿದವು. ಈಚಿನ ವರ್ಷಗಳಲ್ಲಿ ಮರಿಗಳು ಉಳಿಯುವುದು ಕಡಿಮೆಯಾಗಿರುವುದರಿಂದ 2022ರಲ್ಲಿ ವಸಂತದ ಬೇಟೆಯ ಮಿತಿಯನ್ನು ಮೂರು ಹುಂಜಗಳಿಂದ ಎರಡಕ್ಕೆ ಇಳಿಸಿದರು. ಚೂಫಾ ಮಾಡುವುದು ಇಷ್ಟು: ಚಳಿಗಾಲವಿಡೀ ಹೇಂಟೆಗಳನ್ನು ನಮ್ಮ ಜಮೀನಿನಲ್ಲೇ ಉಳಿಸುತ್ತದೆ, ಏಪ್ರಿಲ್‌ನಲ್ಲಿ ಹುಂಜಗಳು ಹೇಂಟೆಗಳಿದ್ದಲ್ಲಿಗೇ ಬರುತ್ತವೆ. ನನಗೆ ವರ್ಷಕ್ಕೊಂದು ಹುಂಜ ಸಾಕು.

ಈ ವರ್ಷ ಹೊಸ ತಾಕನ್ನು ಹಳ್ಳದ ಆಚೆಯ ಮರಳು ದಿಬ್ಬಕ್ಕೆ ಸಾಗಿಸುತ್ತಿದ್ದೇನೆ. ಶುರುಮಾಡಬೇಕೆಂದಿರುವವರು ಬೀಜವನ್ನು ಚಳಿಗಾಲದಲ್ಲೇ ಕೊಂಡು, ಇಲಿ ಸೇರದಂತೆ ತಗಡಿನ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡಿ. ಮೇ ತಿಂಗಳಲ್ಲಿ ಹುಡುಕಿದರೆ ಸಿಗುವುದು ಹಳೆಯ ಚೀಲವೇ.