ಸಾರುವೆಯಿಂದ ಬಿದ್ದರೆ ಪರಿಹಾರ ಕೇಳುವುದು ಹೇಗೆ?

ಕೆಲಸದ ಜಾಗದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದ ಕೂಡಲೇ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಓದಿಸಿಕೊಳ್ಳಿ. ನಮ್ಮ ಯಜಮಾನರು ಸೆಂಟ್ರಿಂಗ್ ಕೆಲಸದವರು. ಅವರು ಎರಡನೇ ಮಹಡಿಯಿಂದ ಬಿದ್ದಾಗ ಮೇಸ್ತ್ರಿ ಡಾಕ್ಟರ ಹತ್ತಿರ, "ಮನೆ ಮೆಟ್ಟಿಲಲ್ಲಿ ಜಾರಿದ್ದು ಸಾರ್" ಅಂದುಬಿಟ್ಟರು. ಇವರಿಗೆ ಎಚ್ಚರವಿತ್ತು. "ಇಲ್ಲ ಸಾರ್, ಸೈಟಲ್ಲಿ ಸಾರುವೆ ಮುರೀತು" ಅಂದರು. ಡಾಕ್ಟರು ಹಾಗೇ ಬರೆದು ಎಮ್‌ಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಕೇಸ್ ಅನ್ನುವ ದಾಖಲೆ) ಮಾಡಿದರು. ಎಮ್‌ಎಲ್‌ಸಿ ಆದರೆ ಆಸ್ಪತ್ರೆಯವರೇ ಪೊಲೀಸರಿಗೆ ತಿಳಿಸುತ್ತಾರೆ. ಅದೇ ಒಂದು ಸಾಲು ಆಮೇಲೆ ನಮ್ಮ ಕೈ ಹಿಡಿಯಿತು.

ಅವತ್ತೇ ಯಾರಾದರೂ ಸೈಟಿಗೆ ಹೋಗಿ ಮುರಿದ ಹಲಗೆ, ಬಿಚ್ಚಿದ ಹಗ್ಗದ ಫೋಟೋ ತೆಗೆಯಲಿ. ಮಾರನೇ ದಿನ ಎಲ್ಲ ಎತ್ತಿಬಿಟ್ಟಿರುತ್ತಾರೆ. ಜೊತೆಗಿದ್ದವರ ಊರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ರಾಯಚೂರು, ಯಾದಗಿರಿ ಕಡೆಯಿಂದ ಬಂದವರು ಸ್ಲ್ಯಾಬ್ ಮುಗಿದರೆ ಬೇರೆ ಸೈಟಿಗೆ ಹೋಗುತ್ತಾರೆ, ಆಮೇಲೆ ಹುಡುಕುವುದು ಕಷ್ಟ.

ಕೂಲಿ ಎಷ್ಟಿತ್ತು ಅನ್ನುವುದಕ್ಕೆ ಪುರಾವೆ ಇದಕ್ಕಿಂತ ಮುಖ್ಯ. ಶನಿವಾರದ ಬಟವಾಡೆ ಫೋನ್‌ಪೇಯಲ್ಲಿ ಬಂದಿದ್ದರೆ ಆ ಮೆಸೇಜ್ ಅಳಿಸಬೇಡಿ. ಹಾಜರಿ ಪುಸ್ತಕದ ಹಾಳೆ ಸಿಕ್ಕರೆ ಫೋಟೋ ತೆಗೆದಿಡಿ. ಯಾಕಂದ್ರೆ ಪರಿಹಾರದ ಲೆಕ್ಕ ನಿಂತಿರುವುದು ತಿಂಗಳ ಕೂಲಿ ಮತ್ತು ವಯಸ್ಸಿನ ಮೇಲೆ. ಲೆಕ್ಕಕ್ಕೆ ಹಿಡಿಯುವ ಕೂಲಿಗೆ ಒಂದು ಮಿತಿ ಇದೆ. 2020ರಲ್ಲಿ ಅದನ್ನು 15,000 ರೂಪಾಯಿಗೆ ಏರಿಸಿದರು. 30 ವರ್ಷದವರು ಪೂರ್ತಿ ದುಡಿಯಲಾಗದ ಸ್ಥಿತಿಗೆ ಬಂದರೆ, ಆ 15,000ದಲ್ಲಿ ಶೇಕಡಾ 60, ಅಂದರೆ 9,000. ಅದನ್ನು ಕಾನೂನಿನ ಪಟ್ಟಿಯಲ್ಲಿ ಆ ವಯಸ್ಸಿಗೆ ಕೊಟ್ಟಿರುವ 207.98 ಅನ್ನುವ ಅಂಕಿಯಿಂದ ಗುಣಿಸಿದರೆ 18,71,820 ರೂಪಾಯಿ. ದುಡಿಯುವ ಶಕ್ತಿ ಶೇಕಡಾ 40 ಹೋಗಿದೆ ಅಂತಾದರೆ ಅದರಲ್ಲಿ ಶೇಕಡಾ 40, ಅಂದರೆ 7,48,728. ಎಷ್ಟು ಶಕ್ತಿ ಹೋಗಿದೆ ಅನ್ನುವುದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಚಿಕಿತ್ಸೆಯ ಖರ್ಚನ್ನೂ ಕೇಳಬಹುದು, ಬಿಲ್ ಒಂದನ್ನೂ ಬಿಸಾಡಬೇಡಿ.

"ಬೆಲ್ಟ್ ಹಾಕಿರ್ಲಿಲ್ಲ, ನಿಂದೇ ತಪ್ಪು" ಅಂತ ಹೆದರಿಸುತ್ತಾರೆ. ಹೆದರಬೇಡಿ. ಮಾಲೀಕರ ತಪ್ಪನ್ನು ನಾವು ಸಾಬೀತು ಮಾಡಬೇಕಾಗಿಲ್ಲ. ಕೆಲಸದಲ್ಲಿದ್ದಾಗ, ಕೆಲಸದಿಂದಾಗಿ ಪೆಟ್ಟಾಯಿತು ಅಂತ ತೋರಿಸಿದರೆ ಸಾಕು. ಸಣ್ಣಪುಟ್ಟ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಕುಡಿದಿದ್ದರೆ, ಸುರಕ್ಷತೆಗೆ ಅಂತ ಸ್ಪಷ್ಟವಾಗಿ ಹೇಳಿದ್ದನ್ನು ಬೇಕಂತಲೇ ಮೀರಿದ್ದರೆ ಮಾತ್ರ ತೊಂದರೆ. ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದಾಗ ಆ ನೆಪಗಳೂ ನಡೆಯುವುದಿಲ್ಲ.

ಮೇಸ್ತ್ರಿ ಕೈಯಲ್ಲಿ ದುಡ್ಡಿಲ್ಲ ಅಂದರೆ? ಅವರಿಗೆ ಗುತ್ತಿಗೆ ಕೊಟ್ಟ ಬಿಲ್ಡರನ್ನೂ ಹೊಣೆ ಮಾಡಬಹುದು. ಅರ್ಜಿಯಲ್ಲಿ ಇಬ್ಬರ ಹೆಸರೂ ಇರಲಿ. ಒಂದಿಷ್ಟು ಸಾವಿರ ಕೈಗಿಟ್ಟು ಖಾಲಿ ಹಾಳೆಗೆ ಸಹಿ ಕೇಳಿದರೆ ಖಂಡಿತ ಹಾಕಬೇಡಿ. ರಾಜಿ ಆಗುವುದಾದರೂ ಪರಿಹಾರ ತೀರ್ಮಾನಿಸುವ ಅಧಿಕಾರಿಯ (ಹಳೆಯ ಕಾಯ್ದೆಯಲ್ಲಿ ಇವರನ್ನು ಆಯುಕ್ತರು ಅನ್ನುತ್ತಿದ್ದರು) ಮುಂದೆ ನೋಂದಣಿಯಾಗಬೇಕು.

ಮೊದಲು ಇದಕ್ಕೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಹೆಚ್ಚಿನ ನಿಯಮಗಳು ಹಳೆಯವೇ. ಮಾಲೀಕರಿಗೆ ಬೇಗ ಲಿಖಿತವಾಗಿ ತಿಳಿಸಿ, ರಿಜಿಸ್ಟರ್ಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಪರಿಹಾರ ಒಂದು ತಿಂಗಳಲ್ಲಿ ಕೊಡದಿದ್ದರೆ ಬಡ್ಡಿ ಬೀಳುತ್ತದೆ (ಹಳೆಯ ಕಾಯ್ದೆಯಲ್ಲಿ ವರ್ಷಕ್ಕೆ ಶೇಕಡಾ 12 ಇತ್ತು), ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ದಂಡವೂ ಇದೆ. ಅರ್ಜಿಗೆ ಎರಡು ವರ್ಷ ಗಡುವು. ಬೆಂಗಳೂರಲ್ಲಿ ಬಿದ್ದರೂ ನೀವಿರುವ ಊರಿನ ವ್ಯಾಪ್ತಿಯ ಆ ಅಧಿಕಾರಿಯ ಮುಂದೆಯೇ ಅರ್ಜಿ ಹಾಕಬಹುದು. ಕಾಲು ಮುರಿದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ!

ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಿಡಿಯುತ್ತಿದ್ದರೆ ದಾರಿ ಬೇರೆ: ಇಎಸ್‌ಐ ಕಚೇರಿಗೇ ಹೋಗಬೇಕು, ಎರಡೂ ಕಡೆ ಸಿಗುವುದಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದರೆ ಅಲ್ಲೂ ಅಪಘಾತ ನೆರವಿಗೆ ಅರ್ಜಿ ಹಾಕಿ.

ವಕೀಲರ ಫೀಸ್ ಎಲ್ಲಿಂದ ತರೋದು ಅಂತ ಸುಮ್ನೆ ಕೂರಬೇಡಿ. ಕೋರ್ಟ್ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಕಡಿಮೆ ಇರುವವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೋಗುವಾಗ ಆಸ್ಪತ್ರೆ ಚೀಟಿ, ಆಧಾರ್, ಕೂಲಿಯ ಪುರಾವೆ, ಎಲ್ಲದರ ಜೆರಾಕ್ಸ್ ಜೊತೆಗಿರಲಿ.