ಎ ಪಿಲ್ಲರ್ ಹಿಂದೆ ಏನಿದೆ? ನಾನು ಅಳೆದು ನೋಡಿದ್ದು

ಮಾರುತಿ 800ರಲ್ಲಿ ಡ್ರೈವಿಂಗ್ ಕಲಿತವರು ಈಗಿನ ಎಸ್‌ಯುವಿ ಹತ್ತಿ ಕೂತರೆ ಮೊದಲು ಅದರ ಎತ್ತರಕ್ಕೆ ಖುಷಿಪಡುತ್ತಾರೆ. ಬಲಕ್ಕೆ ತಿರುಗಿಸುವ ಹೊತ್ತಿಗೆ ಕಿರಿಕಿರಿ ಶುರುವಾಗುತ್ತದೆ. ಮುಂದಿನ ಗಾಜಿನ ಪಕ್ಕದ ಕಂಬ, ಅಂದರೆ ಎ ಪಿಲ್ಲರ್, ನೋಡಬೇಕಾದ ಕಡೆಗೇ ಅಡ್ಡ ನಿಂತಿರುತ್ತದೆ.

ನಾನು ಮೈಸೂರಿನಲ್ಲಿ ಡ್ರೈವಿಂಗ್ ಹೇಳಿಕೊಡುತ್ತೇನೆ. ಲೈಸೆನ್ಸ್ ಇದ್ದೂ ಧೈರ್ಯ ಸಾಲದವರು ತಮ್ಮ ಹೊಸ ಕಾರನ್ನೇ ತಂದು ಅಭ್ಯಾಸ ಮಾಡುತ್ತಾರೆ. ನಾನು ಎಡಗಡೆ ಸೀಟಿನಲ್ಲಿ ಕೂತಿರುತ್ತೇನೆ. ಹಾರ್ಡಿಂಜ್ ಸರ್ಕಲ್ ಹತ್ತಿರ ಬಂದಾಗ ಬಲಗಡೆಯಿಂದ ಬರುವ ಸ್ಕೂಟರ್ ನನಗೆ ಚೆನ್ನಾಗಿ ಕಾಣುತ್ತದೆ, ಸ್ಟೇರಿಂಗ್ ಹಿಡಿದವರಿಗೆ ಕಾಣುವುದಿಲ್ಲ. "ಸಾರ್, ಖಾಲಿ ಇದೆಯಲ್ಲಾ" ಅನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ, ಅವರ ಜಾಗದಿಂದ ರಸ್ತೆ ನಿಜವಾಗಿಯೂ ಖಾಲಿ. ನಮ್ಮಲ್ಲಿ ಸರ್ಕಲ್ಲಿಗೆ ಬಲಗಡೆಯಿಂದ ಗಾಡಿ ಬರುತ್ತದೆ, ಒಳಗಿರುವ ಗಾಡಿಗೇ ದಾರಿ ಬಿಡಬೇಕು ಅಂತ 2017ರ ಡ್ರೈವಿಂಗ್ ನಿಯಮವೂ ಹೇಳುತ್ತದೆ. ದಾರಿ ಬಿಡಬೇಕಾದ ಗಾಡಿ ಬರುವ ದಿಕ್ಕಿಗೇ ಸರಿಯಾಗಿ ಬಲ ಕಂಬ ಇರುತ್ತದೆ.

ಎಷ್ಟು ಮರೆಯಾಗುತ್ತದೆ ಅಂತ ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ನನ್ನ ಕಾರನ್ನು ಖಾಲಿ ಮೈದಾನಕ್ಕೆ ಒಯ್ದು ಅಳೆದೆ. ಇದಕ್ಕೆ ಬೇಕಾಗಿದ್ದು ಟೇಪು, ಸೀಮೆಸುಣ್ಣ, ಉದ್ದನೆಯ ಕೋಲು, ಜೊತೆಗೆ ನನ್ನ ಮಗ. ಬೆಲ್ಟ್ ಹಾಕಿ, ದಿನಾ ಓಡಿಸುವ ಹಾಗೇ ಕೂತೆ. ಹತ್ತು ಮೀಟರ್ ದೂರದಲ್ಲಿ ಮಗ ಕೋಲನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ನಡೆದ. ಕೋಲು ಕಂಬದ ಹಿಂದೆ ಹೋದಾಗ "ಹೋಯ್ತು", ಆಚೆ ಬಂದಾಗ "ಬಂತು" ಅಂದೆ. ಎರಡೂ ಕಡೆ ಗುರುತು ಹಾಕಿದೆವು. ನಡುವಿನ ಅಂತರ ಸುಮಾರು 85 ಸೆಂಟಿಮೀಟರ್. 20 ಮೀಟರ್ ದೂರದಲ್ಲಿ ಅದೇ ಅಂತರ ಒಂದೂವರೆ ಮೀಟರ್ ದಾಟಿತು.

ಎದುರಿಗೆ ಬರುವ ಸ್ಕೂಟರಿನ ಅಗಲ ಸುಮಾರು 70 ಸೆಂಟಿಮೀಟರ್. ಅಂದರೆ ಹತ್ತು ಮೀಟರ್ ದೂರದಲ್ಲಿ ಹ್ಯಾಂಡಲ್ಲು, ಸವಾರ ಎಲ್ಲ ಸೇರಿ ಪೂರ್ತಿ ಮಾಯ. ಮಗ ಕೋಲು ಬಿಟ್ಟು ಸ್ಕೂಟರ್ ತಂದು ಅಲ್ಲೇ ನಿಲ್ಲಿಸಿದ. ನನಗೆ ಕಂಡಿದ್ದು ಬರೀ ಮೈದಾನ.

ಒಂದು ಕಣ್ಣು ಮುಚ್ಚಿ ನೋಡಿದಾಗ ಲೆಕ್ಕವೇ ಬದಲಾಯಿತು. ಹತ್ತು ಮೀಟರ್ ದೂರದಲ್ಲಿ ಮರೆಯಾಗುವ ಜಾಗ 1.7 ಮೀಟರ್ ಆಯಿತು, ಅಂದರೆ ಎರಡು ಪಟ್ಟು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ ಇರುತ್ತದೆ. ಬಲಗಣ್ಣಿಗೆ ಕಾಣದ ಜಾಗದಲ್ಲಿ ಸ್ವಲ್ಪ ಭಾಗ ಎಡಗಣ್ಣಿಗೆ ಕಾಣುತ್ತದೆ. ಕಂಬ ಈ ಅಂತರಕ್ಕಿಂತ ಸಣ್ಣದಿದ್ದರೆ ದೂರದಲ್ಲಿರುವ ಏನೂ ಎರಡೂ ಕಣ್ಣಿಗೆ ಒಟ್ಟಿಗೆ ಮರೆಯಾಗುವುದಿಲ್ಲ. ಹಳೆಯ ಕಾರುಗಳ ಸಣ್ಣ ಕಂಬ ಯಾಕೆ ಅಷ್ಟು ಕಾಡುತ್ತಿರಲಿಲ್ಲ ಅಂತ ನನಗೆ ಆಗ ಹೊಳೆಯಿತು. ನನ್ನ ಕಾರಿನ ಕಂಬ 12 ಸೆಂಟಿಮೀಟರ್ ಇದೆ, ಕಣ್ಣಿಂದ 70 ಸೆಂಟಿಮೀಟರ್ ದೂರದಲ್ಲಿದೆ. ಎಡಗಡೆ ಕಂಬ ಕಣ್ಣಿಂದ ದೂರ ಇರುವುದರಿಂದ ಅದು ಮರೆ ಮಾಡುವ ಜಾಗ ಬಲಗಡೆಯ ಅರ್ಧವೂ ಇಲ್ಲ.

ಹಾಗಂತ ನಾನು ದಪ್ಪ ಕಂಬದ ವಿರೋಧಿ ಅಲ್ಲ. ಗಾಡಿ ಮಗುಚಿದಾಗ ಛಾವಣಿ ಕುಸಿಯದ ಹಾಗೆ ಹಿಡಿಯುವುದರಲ್ಲಿ ಈ ಕಂಬದ ಪಾಲು ದೊಡ್ಡದು. ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದರ ಒಂದು ಭಾಗ ಈ ಕಂಬದ ಪ್ಲಾಸ್ಟಿಕ್ ಹೊದಿಕೆಯ ಒಳಗೇ ಮಡಚಿಕೊಂಡಿರುತ್ತದೆ. ಗಾಳಿ ಸೀಳಲಿ ಅಂತ ಗಾಜನ್ನು ಜಾಸ್ತಿ ಮಲಗಿಸುವುದರಿಂದ ಕಂಬವೂ ವಾಲುತ್ತದೆ. 2023ರ ಅಕ್ಟೋಬರ್‌ನಿಂದ, ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಸಿಎಪಿ ಬಂದಮೇಲೆ ಗಿರಾಕಿಗಳೂ ಸ್ಟಾರ್ ಎಷ್ಟು ಅಂತ ಕೇಳಿ ಕಾರು ತಗೋತಾರೆ. ಒಳ್ಳೆಯದೇ. ವಿಶ್ವಸಂಸ್ಥೆಯ 125ನೇ ವಾಹನ ನಿಯಮ ಒಂದೊಂದು ಎ ಪಿಲ್ಲರ್ 6 ಡಿಗ್ರಿಯವರೆಗೆ ಮರೆ ಮಾಡಬಹುದು ಅನ್ನುತ್ತದೆ. ಹತ್ತು ಮೀಟರ್ ದೂರದಲ್ಲಿ 6 ಡಿಗ್ರಿ ಅಂದರೆ ಒಂದು ಮೀಟರ್ ಆಯಿತು. ನನ್ನ ಕಾರು ಆ ಮಿತಿಯೊಳಗೇ ಇದೆ, ಆದರೂ ಸ್ಕೂಟರ್ ಮರೆಯಾಗುತ್ತದೆ.

ನಿಂತ ಕಾರಿನ ಲೆಕ್ಕ ಇಷ್ಟು. ಓಡುವ ಕಾರಿನಲ್ಲಿ ತೊಂದರೆ ಇನ್ನೂ ಜಾಸ್ತಿ. ನಾವು ಮುಂದೆ ಹೋದ ಹಾಗೆ ಕಂಬದ ಹಿಂದಿದ್ದ ಗಾಡಿ ತಾನಾಗೇ ಆಚೆ ಬರುತ್ತದೆ ಅಂತ ಅನಿಸುತ್ತದೆ ಅಲ್ವಾ? ಬಹಳಷ್ಟು ಗಾಡಿಗಳು ಬರುತ್ತವೆ ಕೂಡ. ಬರದೇ ಇರುವುದು ನಮಗೆ ಬಂದು ಗುದ್ದಲಿರುವ ಗಾಡಿ ಮಾತ್ರ. ನಾನು 40ರಲ್ಲಿ ನೇರ ಹೋಗುತ್ತಿದ್ದೇನೆ, ಬಲಗಡೆಯ ಅಡ್ಡರಸ್ತೆಯಿಂದ ಒಬ್ಬರು ಮೊಪೆಡ್‌ನಲ್ಲಿ 23ರ ಆಸುಪಾಸು ಬರುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಇಬ್ಬರೂ ವೇಗ ಬದಲಿಸದೆ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬರುವ ಹಾಗಿದ್ದರೆ, ಅವರು ಉದ್ದಕ್ಕೂ ನನ್ನ ಬಲಕ್ಕೆ 30 ಡಿಗ್ರಿಯಲ್ಲೇ ಇರುತ್ತಾರೆ. ನನ್ನ ಕಾರಿನ ಬಲ ಕಂಬ ಇರುವುದೂ ಅಲ್ಲೇ. ತೀರಾ ಹತ್ತಿರ ಬಂದಾಗಲೇ ಅವರು ಕಂಬದ ಎರಡೂ ಪಕ್ಕಕ್ಕೆ ಚಾಚಿ ಕಾಣುವುದು. ಹಡಗಿನವರಿಗೆ ಇದು ಹಳೆಯ ಪಾಠ: ಎದುರಿನ ಹಡಗಿನ ದಿಕ್ಕು ಬದಲಾಗದೆ ದೂರ ಮಾತ್ರ ಕಮ್ಮಿಯಾಗುತ್ತಿದ್ದರೆ ಡಿಕ್ಕಿ ಆಗುತ್ತದೆ ಅಂತಲೇ ಅರ್ಥ.

ಇದು ತಲೆಗೆ ಹೋದಮೇಲೆ ನಾನು ಎರಡು ಅಭ್ಯಾಸ ಮಾಡಿಕೊಂಡೆ. ಮೊದಲನೆಯದು, ಜಂಕ್ಷನ್‌ಗೆ ಮುಂಚೆಯೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದು. ನಿಧಾನ ಆಗುವುದಕ್ಕಷ್ಟೇ ಅಲ್ಲ, ನನ್ನ ವೇಗ ಬದಲಾದರೆ ಆ ಕೋನವೂ ಬದಲಾಗುತ್ತದೆ, ಕಂಬದ ಹಿಂದಿದ್ದವರು ಆಚೆ ಬರುತ್ತಾರೆ.

ಎರಡನೆಯದು ತಲೆ ಜರುಗಿಸುವುದು. ಇದನ್ನು ಕಲಿಸುವುದೇ ಕಷ್ಟ. ಎಲ್ಲರೂ ಕತ್ತು ತಿರುಗಿಸುತ್ತಾರೆ. ಕತ್ತು ತಿರುಗಿದರೆ ಕಣ್ಣು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ, ಕಂಬವೂ ಅದೇ ಜಾಗ ಮುಚ್ಚಿರುತ್ತದೆ. ತಲೆ ಪಕ್ಕಕ್ಕೆ ಸರಿಯಬೇಕು. ಎಷ್ಟು? ನಾಲ್ಕು ಬೆರಳಿನಷ್ಟು ಸಾಕು. ನನ್ನ ಕಾರಿನಲ್ಲಿ ಅಷ್ಟು ಸರಿದರೆ ಮುಂಚೆ ಮರೆಯಾಗಿದ್ದ ಜಾಗ ಪೂರ್ತಿ ತೆರೆಯುತ್ತದೆ. ಮುಂದಕ್ಕೆ ಬಾಗಿಯೂ ನೋಡಬಹುದು, ಆದರೆ ಅಷ್ಟೇ ಕಾಣಬೇಕಾದರೆ ಸುಮಾರು ಎರಡರಷ್ಟು ಬಾಗಬೇಕು. ನಾನು ಒಮ್ಮೆ ಎಡಕ್ಕೆ ಸರಿದು ನೋಡಿ, ಮತ್ತೆ ನೆಟ್ಟಗೆ ಕೂತು ನೋಡುತ್ತೇನೆ. ಸರ್ರನೆ ಆಚೆ ಈಚೆ ನೋಡಿದರೆ ಪ್ರಯೋಜನ ಇಲ್ಲ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವ ಕ್ಷಣದಲ್ಲಿ ನಡುವಿನದ್ದು ನಮಗೆ ಕಾಣುವುದೇ ಇಲ್ಲ. ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬೇಕು.

ಈಗ ಹೊಸಬರು ಬಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಮಗನನ್ನು ಕಂಬದ ಆಚೆ ನಿಲ್ಲಿಸುತ್ತೇನೆ. "ಮೇಡಂ, ಮುಂದೆ ಯಾರಾದರೂ ಇದ್ದಾರಾ ನೋಡಿ." "ಯಾರೂ ಇಲ್ಲ ಸಾರ್." "ತಲೆ ಸ್ವಲ್ಪ ಎಡಕ್ಕೆ ತನ್ನಿ." ಆಮೇಲೆ ಪಾಠ ಬೇಕಾಗುವುದಿಲ್ಲ, ನಗು ಬರುತ್ತದೆ, ನೆನಪಲ್ಲಿ ಉಳಿಯುತ್ತದೆ.

ಗಿಡ್ಡ ಇರುವವರಿಗೆ ಸೀಟೇ ಮುಖ್ಯ. ಕ್ಲಚ್ ಎಟುಕಲಿ ಅಂತ ಸೀಟನ್ನು ಪೂರ್ತಿ ಮುಂದೆ ಎಳೆದುಕೊಂಡರೆ ಕಂಬವೂ ಕಣ್ಣಿಗೆ ಹತ್ತಿರ ಬಂದು ಜಾಸ್ತಿ ಮುಚ್ಚುತ್ತದೆ. ಸೀಟಿನ ಎತ್ತರ ಹೊಂದಿಸುವ ಲಿವರ್ ಇದ್ದರೆ ಮೊದಲು ಸೀಟು ಮೇಲೆ ಎತ್ತಿ. ಆಮೇಲೆ ಕ್ಲಚ್ ಪೂರ್ತಿ ಒತ್ತಲು ಆಗುವಷ್ಟು ಮಾತ್ರ ಮುಂದೆ ಬನ್ನಿ.

ಇನ್ನು ನಾವೇ ಅಂಟಿಸಿಕೊಳ್ಳುವ ಸಾಮಾನು. ಕಂಬದ ಪಕ್ಕದಲ್ಲೇ ಮೊಬೈಲ್ ಹೋಲ್ಡರ್, ಅದರ ಪಕ್ಕ ಸೆಂಟಿನ ಬಾಟಲಿ, ಬಾಗಿಲ ಗಾಜಿಗೆ ಬಿಸಿಲಿನ ಜಾಲರಿ. ಕಂಪನಿಯವರು ಕೊಟ್ಟ 12 ಸೆಂಟಿಮೀಟರ್ ಕಂಬವನ್ನು ನಾವು 20 ಮಾಡಿಕೊಳ್ಳುತ್ತೇವೆ. ಹೋಲ್ಡರ್ ಅನ್ನು ನಡುವಿನ ಎಸಿ ವೆಂಟಿಗೆ ಹಾಕಿದೆ, ಜಾಲರಿ ಕಿತ್ತೆ. ಚಾಮುಂಡಿ ತಾಯಿಯ ವಿಗ್ರಹವನ್ನು ಮೂಲೆಯಿಂದ ಡ್ಯಾಶ್‌ಬೋರ್ಡ್ ನಡುವಿಗೆ ತಂದೆ, ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಮಿರರ್ ಮೇಲೆ ಅಂಟಿಸುವ ದುಂಡು ಕನ್ನಡಿ ತಗೊಳ್ಳಿ ಅಂತ ಕೆಲವರು ಹೇಳುತ್ತಾರೆ. ಅದು ಹಿಂದಿನದ್ದನ್ನು ತೋರಿಸುತ್ತದೆ, ಈ ಕಂಬಕ್ಕೂ ಅದಕ್ಕೂ ಸಂಬಂಧ ಇಲ್ಲ. ವೋಲ್ವೋ 2001ರಲ್ಲೇ ಆರಪಾರ ಕಾಣುವ ಎ ಪಿಲ್ಲರ್ ಇರುವ ಪ್ರಯೋಗದ ಕಾರು ತೋರಿಸಿತ್ತು. ನಾವು ಮಾತ್ರ ಇನ್ನೂ ತಲೆ ಜರುಗಿಸುತ್ತಲೇ ಇದ್ದೇವೆ.

ಘಾಟಿಯ ಮಾತೇ ಬೇರೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬಲ ತಿರುವು ಬಂದಾಗ ನಾನು ಮುಂದಿನ ಗಾಜನ್ನು ನಂಬುವುದಿಲ್ಲ. ರಸ್ತೆ ಇರುವುದು ಬಾಗಿಲ ಗಾಜಿನಲ್ಲಿ. ಕಂಬದ ಆಚೆ, ಬಾಗಿಲ ಗಾಜಿನಿಂದ ಮೇಲಿನ ಅಥವಾ ಕೆಳಗಿನ ಸುತ್ತನ್ನು ಮೊದಲೇ ನೋಡಿಕೊಂಡು ತಿರುಗಿಸುತ್ತೇನೆ. ಇಳಿಯುವಾಗ ಹತ್ತುವ ಗಾಡಿಗೆ ದಾರಿ ಬಿಡಬೇಕು, ಅದು ಕಂಡರೆ ತಾನೇ ಬಿಡುವುದು? ಮಳೆಗಾಲದಲ್ಲಿ ಇನ್ನೊಂದು ತಲೆನೋವು. ವೈಪರ್ ಬಲ ಕಂಬದ ತುದಿವರೆಗೆ ಹೋಗುವುದಿಲ್ಲ. ಕಂಬದ ಪಕ್ಕ ಒಂದು ಪಟ್ಟಿ ನೀರು ಹಾಗೇ ಉಳಿಯುತ್ತದೆ, ಬಾಗಿಲ ಗಾಜಿನಲ್ಲಿ ಮಂಜು ಕಟ್ಟುತ್ತದೆ. ಆಗ ನಾಲ್ಕು ಬೆರಳು ಸಾಲದು. ಎಸಿ ಗಾಳಿಯನ್ನು ಬಾಗಿಲ ಗಾಜಿನ ಕಡೆ ತಿರುಗಿಸುತ್ತೇನೆ, ಮಳೆ ಸಣ್ಣದಿದ್ದರೆ ಗಾಜನ್ನೇ ಇಳಿಸುತ್ತೇನೆ. ತೋಳು ಒದ್ದೆಯಾಗುತ್ತದೆ ಅಷ್ಟೇ.

ಹೊಸ ಕಾರು ನೋಡಲು ಕರೆದುಕೊಂಡು ಹೋಗುವವರಿಗೆ ನಾನು ಮಾಡಿಸುವ ಕೆಲಸ ಒಂದೇ. ಟೆಸ್ಟ್ ಡ್ರೈವ್‌ಗೆ ಮುಂಚೆ ಸೀಟು ಸರಿಮಾಡಿಕೊಂಡು ಕೂರಿ, ಶೋರೂಮ್ ಹುಡುಗನಿಗೆ ಕಾರಿನ ಬಲ ಮೂಲೆಯಿಂದ ಹತ್ತು ಹೆಜ್ಜೆ ಆಚೆ ಅಡ್ಡ ನಡೆಯಲು ಹೇಳಿ. ಅವನು ಎಷ್ಟು ಹೊತ್ತು ಮಾಯವಾಗುತ್ತಾನೆ ನೋಡಿ. ಸೈಡ್ ಮಿರರ್ ಕಂಬದ ಬುಡಕ್ಕೇ ಕೂತಿದೆಯಾ, ಬಾಗಿಲ ಮೇಲೆ ಸ್ವಲ್ಪ ಹಿಂದೆ ಇದೆಯಾ ಅಂತಲೂ ನೋಡಿ. ಬಾಗಿಲ ಮೇಲಿದ್ದರೆ ಕಂಬಕ್ಕೂ ಮಿರರ್‌ಗೂ ನಡುವೆ ಒಂದು ಸಂದು ಸಿಗುತ್ತದೆ. ಚಿಕ್ಕ ಮಕ್ಕಳು, ಸೈಕಲ್ಲಿನವರು ಆ ಸಂದಿನಲ್ಲೇ ಕಾಣುವುದು.